ಶಿರಸಿಯಲ್ಲಿ ಒಂದು ರಾತ್ರಿ ಉಳಿಯಿರಿ: ಗುಡಿಯ ಗೋಡೆಯಿಂದ ಬೆಳಗಿನ ಮಂಗಳದವರೆಗೆ

ಶಿರಸಿಗೆ ಬರುವವರಲ್ಲಿ ಹೆಚ್ಚಿನವರು ಬೆಳಿಗ್ಗೆ ಮಾರಿಕಾಂಬೆಗೆ ಕೈಮುಗಿದು, ಸಹಸ್ರಲಿಂಗ, ಸೋಂದಾ, ಬನವಾಸಿ, ಯಾಣ ಅಂತ ಕಾರಲ್ಲಿ ಒಂದು ಸುತ್ತು ಹೊಡೆದು, ಕತ್ತಲಾಗುವುದರೊಳಗೆ ಊರು ಬಿಟ್ಟಿರುತ್ತಾರೆ. ಪೇಟೆ ಅಂದ್ರೆ ಅವರ ಲೆಕ್ಕದಲ್ಲಿ ಊಟಕ್ಕೆ ನಿಲ್ಲುವ ಜಾಗ ಅಷ್ಟೇ. ನನಗೆ ಇದು ತುಂಬ ಬೇಜಾರು. ಈ ಪೇಟೆಯಲ್ಲಿ ನೋಡುವಂಥದ್ದು ಬೇಕಾದಷ್ಟಿದೆ, ಅದರಲ್ಲಿ ಹೆಚ್ಚಿನದು ನಡೆಯೋದೇ ರಾತ್ರಿ. ಚಿತ್ರ ಗುಡಿಯ ಗೋಡೆ ಮೇಲಿದೆ. ಕುಣಿತ ಬೀದಿಯಲ್ಲಿದೆ. ಹಾಡು, ಚಂಡೆ, ಮಾತು ಎಲ್ಲ ಡೇರೆಯಲ್ಲೋ ಸಭಾಭವನದಲ್ಲೋ ಇರುತ್ತದೆ. ದಿನಾ ಹತ್ತು ಗಂಟೆಗೆ ಬಾಗಿಲು ತೆರೆದು ಟಿಕೆಟ್ ಕೊಡುವ ಜಾಗ ಯಾವುದೂ ಅಲ್ಲ. ಹಾಗಾಗಿ ಯಾವಾಗ ಬರಬೇಕು, ಎಲ್ಲಿ ನಿಲ್ಲಬೇಕು, ಯಾರನ್ನು ಕೇಳಬೇಕು ಅನ್ನೋದು ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ಅದನ್ನೇ ಒಂದೊಂದಾಗಿ ಹೇಳುತ್ತೇನೆ.

ಮೊದಲು ತಾರೀಕು, ಆಮೇಲೆ ಬಸ್ ಟಿಕೆಟ್

ಶನಿವಾರ ಖಾಲಿ ಇದೆ ಅಂತ ಸುಮ್ನೆ ಹೊರಟು ಬರಬೇಡಿ. ಕ್ಯಾಲೆಂಡರ್ ತೆಗೆದುಕೊಂಡು ಕೂತುಕೊಳ್ಳಿ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2020, 2022, 2024ರಲ್ಲಿ ಆಯಿತು, ಅಂದರೆ ಸರಿ ಸಂಖ್ಯೆಯ ವರ್ಷ. ಫೆಬ್ರವರಿ ಕೊನೆ ಅಥವಾ ಮಾರ್ಚ್‌ನಲ್ಲಿ ಬರುತ್ತದೆ, ಮಂಗಳವಾರ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ಜಾತ್ರೆ ಇಲ್ಲದ ವರ್ಷ ಹೋಳಿ ಹುಣ್ಣಿಮೆಯ ಹಿಂದಿನ ಕೆಲವು ರಾತ್ರಿ ಬೇಡರ ವೇಷ ಅನ್ನುವ ಬೀದಿ ಕುಣಿತ. 2023, 2025ರಲ್ಲಿ ಬಂದವರು ಅದನ್ನು ನೋಡಿದರು. ಎರಡೂ ಒಂದೇ ವರ್ಷ ಸಿಗುವುದಿಲ್ಲ. ಹಾಗಾಗಿ ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಯಕ್ಷಗಾನಕ್ಕೆ ಇಷ್ಟು ಕಷ್ಟ ಇಲ್ಲ. ದೀಪಾವಳಿ ಕಳೆದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಮಳೆ ಹತ್ತಿರ ಬರುವ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಈ ಅವಧಿಯಲ್ಲಿ ಶಿರಸಿಯಲ್ಲೋ ಸುತ್ತಲಿನ ಹಳ್ಳಿಯಲ್ಲೋ ಆಟ ಆಗುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಬಂದರೂ ಬರಿಗೈಲಿ ಹೋಗಬೇಕಿಲ್ಲ, ಆಗ ಮಾತಿನದ್ದೇ ಯಕ್ಷಗಾನವಾದ ತಾಳಮದ್ದಲೆ, ಸಂಗೀತ ಬೈಠಕ್ ಸಭಾಭವನಗಳ ಒಳಗೆ ನಡೆಯುತ್ತವೆ. ಛತ್ರಿ ಮಾತ್ರ ಗಟ್ಟಿಯಾದದ್ದು ತನ್ನಿ, ಇಲ್ಲಿನ ಮಳೆಗೆ ಬೆಂಗಳೂರಿನ ಮಡಚುವ ಛತ್ರಿ ಸಾಲುವುದಿಲ್ಲ.

ಯಾವ ದಿನ ಏನಿದೆ ಅಂತ ತಿಳಿಯುವುದು ಹೇಗೆ? ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಇಲ್ಲಿಂದಲೇ ಹೊರಡುವ 'ಲೋಕಧ್ವನಿ' ಪತ್ರಿಕೆಯ ಇಂದಿನ ಕಾರ್ಯಕ್ರಮದ ಸುದ್ದಿ ನೋಡಿ. ಬಸ್ ನಿಲ್ದಾಣದ ಸುತ್ತಲಿನ ಗೋಡೆಗಳ ಪೋಸ್ಟರ್ ಓದಿ. ಶಿರಸಿ ಕಡೆಯ ಪರಿಚಯದವರು ಒಬ್ಬರಾದರೂ ಇದ್ದರೆ "ಈ ವಾರ ಎಲ್ಲಾದ್ರೂ ಆಟ ಇದ್ಯಾ?" ಅಂತ ಒಂದು ಮೆಸೇಜ್ ಹಾಕಿ. ಇಲ್ಲಿನವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕರಪತ್ರಗಳು ಓಡಾಡುತ್ತಲೇ ಇರುತ್ತವೆ, ಹತ್ತು ನಿಮಿಷದಲ್ಲಿ ಉತ್ತರ ಬರುತ್ತದೆ.

ಬೆಳಕಿರುವಾಗ ಗೋಡೆ ನೋಡಿ

ರಾತ್ರಿಯ ವಿಷಯಕ್ಕೆ ಮೊದಲು ಸಂಜೆ ಬೆಳಕಿನ ಕೆಲಸ ಒಂದಿದೆ. ಮಾರಿಕಾಂಬೆಯ ಗುಡಿ 17ನೇ ಶತಮಾನದ ಕೊನೆಯದು, ಊರವರ ಬಾಯಲ್ಲಿ ದೊಡ್ಡಮ್ಮನ ಗುಡಿ. ಏಳು ಅಡಿಯಷ್ಟು ಎತ್ತರದ ಮರದ ಮೂರ್ತಿ ನೋಡಿ ಎಲ್ಲರೂ ಹೊರಗೆ ಬಂದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ದರ್ಶನ ಆದ ಮೇಲೆ ಒಳ ಅಂಗಳದ ಸುತ್ತಿನ ಪೌಳಿಯಲ್ಲಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಬಿಳಿ ಸುಣ್ಣದ ಗೋಡೆ ಮೇಲೆ ಕೆಮ್ಮಣ್ಣಿನ ಬಣ್ಣದ ಚಿತ್ರ ಕಾಣುತ್ತದಲ್ಲ, ಅದು ಕಾವಿ ಕಲೆ. ಗೋವಾದಿಂದ ನಮ್ಮ ಕರಾವಳಿವರೆಗಿನ ಗುಡಿಗಳಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದದ್ದು.

ಹತ್ತಿರ ಹೋಗಿ ಒಂದೇ ಒಂದು ಗೆರೆ ನೋಡಿ. ದೂರದಿಂದ ಬ್ರಷ್‌ನಲ್ಲಿ ಬರೆದ ಹಾಗೆ ಕಾಣುತ್ತದೆ, ಹತ್ತಿರದಿಂದ ನೋಡಿದರೆ ಕೆಂಪಿಗಿಂತ ಬಿಳಿ ಒಂದು ಎಳೆ ಒಳಗಿದೆ. ಕೆಲಸ ನಡೆಯುತ್ತಿದ್ದದ್ದು ಹೀಗೆ: ಸಮುದ್ರದ ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಹಾಕಿ, ಕುಟ್ಟಿ ಹದ ಮಾಡಿ ಗೋಡೆಗೆ ಬಳಿಯುವುದು. ಅದರ ಮೇಲೆ ಉರ್ಮುಂಜಿ ಅನ್ನುವ ಕೆಂಪು ಮಣ್ಣು ಬೆರೆಸಿದ ತೆಳು ಪದರ. ಅದನ್ನು ನುಣುಪು ಮಾಡಿ, ಹಸಿ ಇರುವಾಗಲೇ ಚೂಪು ಕಂಟದಿಂದ ಕೆಂಪನ್ನು ಕೆರೆದು ತೆಗೆಯುವುದು. ಕೆರೆದ ಜಾಗದಲ್ಲಿ ಅಡಿಯ ಬಿಳಿ ಎದ್ದು ಬರುತ್ತದೆ. ಒಮ್ಮೆ ಕೆರೆದ ಗೆರೆಯನ್ನು ಅಳಿಸುವ ಹಾಗಿಲ್ಲ, ಗೋಡೆ ಒಣಗುವುದರೊಳಗೆ ಮುಗಿಸಬೇಕು. ಇಷ್ಟು ಗೊತ್ತಿಟ್ಟುಕೊಂಡು ಅಂಚಿನ ಹೂಬಳ್ಳಿಯ ಸುತ್ತುಗಳನ್ನೋ ದೇವರ ಚಿತ್ರದ ಬೆರಳುಗಳನ್ನೋ ನೋಡಿ, ಆ ಕೈಯ ಧೈರ್ಯ ಎಂಥದ್ದು ಅಂತ ಗೊತ್ತಾಗುತ್ತದೆ.

ಇದನ್ನು ಈಗಲೇ ನೋಡಿ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ ಕರಾವಳಿಯಲ್ಲಿ ಗುಡಿಗಳ ಜೀರ್ಣೋದ್ಧಾರ ಆದಾಗಲೆಲ್ಲ ಮೊದಲು ಹೋಗುವುದೇ ಈ ಗೋಡೆ. ಸಿಮೆಂಟ್ ಗಿಲಾಯಿ, ಅದರ ಮೇಲೆ ಎಣ್ಣೆ ಬಣ್ಣ ಬಂತು ಅಂದರೆ ಮುಗಿಯಿತು, ಆ ಚಿತ್ರ ಮತ್ತೆ ಬರುವುದಿಲ್ಲ. ಹೊನ್ನಾವರದ ಕೃಷ್ಣಾನಂದ ಕಾಮತರು (1934–2002) ಊರೂರು ತಿರುಗಿ ಕಾವಿ ಚಿತ್ರಗಳ ಫೋಟೊ ತೆಗೆದು, ಬರೆದು ಇಟ್ಟದ್ದರಿಂದ ಎಷ್ಟೋ ನಮಗೆ ಕಾಗದದ ಮೇಲಾದರೂ ಉಳಿದಿವೆ. ನೀವು ಗೋಡೆಗೆ ಕೈ ಸವರಬೇಡಿ, ಒರಗಿ ನಿಲ್ಲಬೇಡಿ. ಫೋಟೊ ತೆಗೆಯಬೇಕು ಅನ್ನಿಸಿದರೆ ಅಲ್ಲಿಯವರನ್ನು ಕೇಳಿಯೇ ತೆಗೆಯಿರಿ.

ಒಂದು ಎಚ್ಚರಿಕೆ. ಜಾತ್ರೆ ಮುಗಿದ ಮೇಲೆ ಯುಗಾದಿಗೆ ಮತ್ತೆ ಪ್ರತಿಷ್ಠೆ ಆಗುವವರೆಗೆ ಗುಡಿಯಲ್ಲಿ ದೇವಿಯ ದರ್ಶನ ಇರುವುದಿಲ್ಲ. ಜಾತ್ರೆ ವರ್ಷ ಆ ನಡುವಿನ ದಿನಗಳಲ್ಲಿ ಬಂದು ನಿರಾಶೆ ಪಡಬೇಡಿ.

ಪೇಟೆ ಸುತ್ತು, ಬೇಗ ಊಟ

ಗುಡಿಯಿಂದ ಶಿವಾಜಿ ಚೌಕ, ಬಿಡ್ಕಿಬೈಲು, ಸಿ.ಪಿ. ಬಜಾರ್, ದೇವಿಕೆರೆ ಎಲ್ಲ ನಡೆದೇ ಮುಗಿಸಬಹುದು. ಕಾರು ಲಾಡ್ಜಿನಲ್ಲಿ ಬಿಡಿ, ಈ ರಸ್ತೆಗಳಲ್ಲಿ ಅದರಿಂದ ಉಪದ್ರವೇ ಜಾಸ್ತಿ. ಹಳೇ ಅಂಗಡಿ ಸಾಲುಗಳಲ್ಲಿ ತಲೆ ಎತ್ತಿ ನೋಡುತ್ತಾ ನಡೆಯಿರಿ. ಕೆಳಗೆ ಹೊಸ ಬೋರ್ಡು ಇದ್ದರೂ ಮೇಲೆ ಹಳೇ ಹೆಂಚು, ಮರದ ಕಂಬ ಕೆಲವು ಕಡೆ ಹಾಗೇ ಉಳಿದಿವೆ.

ಕೊಳ್ಳುವುದಿದ್ದರೆ ಎರಡು ವಿಷಯ. ಇಲ್ಲಿನ ಗುಡಿಗಾರರು ಗಂಧ, ಮರದ ಕೆತ್ತನೆಗೂ ಬೆಂಡಿನ ಬಾಸಿಂಗಕ್ಕೂ ತಲೆಮಾರುಗಳಿಂದ ಹೆಸರಾದವರು. ಮದುವೆ ಕಾಲದಲ್ಲಿ ಬಾಸಿಂಗ ಕಟ್ಟುವುದು ನೋಡಲು ಸಿಕ್ಕರೆ ಬಿಡಬೇಡಿ, ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳುವ ಆ ಚಾಕುವಿನ ಕೆಲಸವೇ ಒಂದು ಪ್ರದರ್ಶನ. ಗಂಧದ ವಸ್ತು ತೆಗೆದುಕೊಂಡರೆ ಬಿಲ್ ಕೇಳಿ ಪಡೆಯಿರಿ. ಎರಡನೆಯದು ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಪೇಟೆ ಅಂಗಡಿಯಲ್ಲಿ ಫ್ರೇಮ್ ಹಾಕಿದ್ದು ಸಿಗಬಹುದು, ಆದರೆ ಜೀವಂತವಾಗಿ ನೋಡಬೇಕು ಅಂದರೆ ಅಕ್ಟೋಬರ್ ಹೊತ್ತಿಗೆ ಬರುವ ಭೂಮಿ ಹುಣ್ಣಿಮೆಗೆ ಶಿರಸಿ, ಸಿದ್ದಾಪುರ, ಸಾಗರ ಕಡೆಯ ಹಳ್ಳಿಗೆ ಹೋಗಬೇಕು. ಆಗ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗಳ ಮೇಲೆ ಚಿತ್ತಾರ ಬರೆದಿರುತ್ತಾರೆ. ಯಾರದ್ದೋ ಮನೆಯ ಹಬ್ಬ ಅದು, ಕರೆದರೆ ಮಾತ್ರ ಹೋಗಿ. ಚಿತ್ತಾರ ಕೊಂಡರೆ ಬರೆದವರ ಕೈಗೇ ದುಡ್ಡು ಕೊಡಿ, ಚೌಕಾಸಿ ಬೇಡ.

ಊಟ ಎಂಟೂವರೆಯೊಳಗೆ ಮುಗಿಸಿ. ಪೇಟೆ ಬೇಗ ಬಾಗಿಲು ಹಾಕುತ್ತದೆ, ಹತ್ತಕ್ಕೆ ಹೋಟೆಲ್ ಹುಡುಕುತ್ತಾ ಅಲೆಯುವ ಪರಿಸ್ಥಿತಿ ಬೇಡ. ತಂಬುಳಿ, ಅಪ್ಪೆಹುಳಿ ಸಿಗುವ ಕಡೆ ಕೂತರೆ ಒಳ್ಳೆಯದು, ನಿದ್ದೆಗೆಡುವ ರಾತ್ರಿಗೆ ಹೊಟ್ಟೆ ಹಗುರ ಇರಬೇಕು. ತೊಡೆದೇವು ಕಟ್ಟಿಸಿಕೊಳ್ಳುವುದಿದ್ದರೆ ಇದೇ ಹೊತ್ತಿಗೆ ಕಟ್ಟಿಸಿಕೊಳ್ಳಿ. ಮಣ್ಣಿನ ಗಡಿಗೆ ಬೋರಲು ಹಾಕಿ ಅದರ ಮೇಲೆ ಎರೆದ ತೆಳು ಹಾಳೆ ಅದು, ಬ್ಯಾಗಿನ ಮೇಲ್ಗಡೆ ಇಡಿ, ಇಲ್ಲದಿದ್ದರೆ ಮನೆಗೆ ಪುಡಿ ಮಾತ್ರ ಮುಟ್ಟುತ್ತದೆ.

ಆಟದ ರಾತ್ರಿ

ಶಿರಸಿಯಲ್ಲಿ ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ಕೆರೆಮನೆ ಶಿವರಾಮ ಹೆಗಡೆ, ಶಂಭು ಹೆಗಡೆ, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ ಇವರೆಲ್ಲ ಈ ಜಿಲ್ಲೆಯವರು. ಅವರ ಕುಣಿತ, ಮಾತು ಕೇಳಿ ಬೆಳೆದ ಪ್ರೇಕ್ಷಕರು ಇಲ್ಲಿನವರು, ಹಾಗಾಗಿ ಕಲಾವಿದ ಒಂದು ಹೆಜ್ಜೆ ತಪ್ಪಿದರೂ ಹಿಂದಿನ ಸಾಲಿನ ಅಜ್ಜನಿಗೆ ಗೊತ್ತಾಗುತ್ತದೆ. ಆ ಅಜ್ಜನ ಪಕ್ಕ ಜಾಗ ಸಿಕ್ಕರೆ ಕೂತುಬಿಡಿ. ಪ್ರಸಂಗ ಅರ್ಥವಾಗದಿದ್ದರೆ ಅವರನ್ನೇ ಕೇಳಿ, ಖುಷಿಯಿಂದ ಹೇಳುತ್ತಾರೆ.

ಮೊದಲ ಸಲದವರು ಕಾಲಮಿತಿ ಆಟಕ್ಕೆ ಹೋಗುವುದು ಒಳ್ಳೆಯದು. ಸಂಜೆ ಶುರುವಾಗಿ ಮೂರ್ನಾಲ್ಕು ತಾಸಿನಲ್ಲಿ ಮುಗಿಯುತ್ತದೆ. ಟಿಆರ್‌ಸಿ, ಟಿಎಂಎಸ್ ಅನ್ನುವ ಸಹಕಾರಿ ಸಂಘಗಳ ಸಭಾಭವನಗಳಲ್ಲಿ ಇಂಥವು ಆಗುತ್ತಿರುತ್ತವೆ. ಆದರೆ ನನ್ನ ಮನಸ್ಸಿನ ಮಾತು ಕೇಳಿದರೆ ಇಡೀ ರಾತ್ರಿಯ ಆಟವನ್ನು ಒಮ್ಮೆಯಾದರೂ ನೋಡಲೇಬೇಕು. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಬಂದಾಗ ಟಿಕೆಟ್ ಇರುತ್ತದೆ, ಮುಂದಿನ ಕುರ್ಚಿಗೆ ಜಾಸ್ತಿ, ಹಿಂದಿನದಕ್ಕೆ ಕಡಿಮೆ. ತೀರಾ ಮುಂದೆ ಬೇಡ. ನಾಲ್ಕೈದು ಸಾಲು ಹಿಂದೆ, ಪದ್ಯ ಹಾಡಿ ಆಟ ನಡೆಸುವ ಭಾಗವತರು ಚೆನ್ನಾಗಿ ಕಾಣುವ ಕಡೆ ಕೂತುಕೊಳ್ಳಿ. ಕುಣಿತ ಎಷ್ಟು ಹೊತ್ತು, ಪದ್ಯ ಯಾವ ಚಾಲಲ್ಲಿ, ಯಾವಾಗ ನಿಲ್ಲಬೇಕು ಎಲ್ಲ ಅವರ ಕೈಯ ತಾಳದಲ್ಲಿದೆ. ಅವರ ಮುಖ ಒಂದು ಗಂಟೆ ನೋಡಿದರೆ ರಂಗದ ಮೇಲಿನ ಅರ್ಧ ವಿಷಯ ತಾನಾಗೇ ಅರ್ಥವಾಗುತ್ತದೆ.

ಆಟ ಶುರುವಾಗುವ ಒಂದು ತಾಸು ಮೊದಲೇ ಹೋಗಿ, ಚೌಕಿ ನೋಡಲು. ರಂಗಸ್ಥಳದ ಹಿಂದೆ ಬಣ್ಣ ಹಚ್ಚುವ ಜಾಗ ಅದು. ಅಲ್ಲಿ ಗಣಪತಿಗೆ ಪೂಜೆ ಆಗುತ್ತದೆ, ಹಾಗಾಗಿ ಚಪ್ಪಲಿ ಹೊರಗೆ. ಬಾಗಿಲಲ್ಲಿ ನಿಂತು "ಸ್ವಲ್ಪ ನೋಡಬಹುದಾ?" ಅಂತ ಕೇಳಿ, ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಒಂದು ಮೂಲೆಯಲ್ಲಿ ಸುಮ್ಮನೆ ನಿಲ್ಲಿ. ಕಲಾವಿದರು ನೆಲದ ಮೇಲೆ ಕೂತು, ಎಡಗೈಯಲ್ಲಿ ಸಣ್ಣ ಕನ್ನಡಿ ಹಿಡಿದು, ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳುತ್ತಾರೆ. ಬಿಳಿಗೆ ಸಫೇತು, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಹಣೆಯ ನಾಮ ಎಳೆಯುವಾಗ ಮಾತ್ರ ಯಾರ ಮಾತೂ ಇರುವುದಿಲ್ಲ. ಆಮೇಲೆ ಮುಂಡಾಸು. ಅದು ಸಿದ್ಧ ಟೋಪಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಬಟ್ಟೆಯ ಸುರುಳಿಯನ್ನು ತಲೆ ಮೇಲೆ ಸುತ್ತಿ, ಹಗ್ಗದಿಂದ ಬಿಗಿದು, ಅದರ ಮೇಲೆ ಕಪ್ಪು ಬಟ್ಟೆ, ಜರಿಯ ಪಟ್ಟಿ ಸುತ್ತುತ್ತಾ ಪ್ರತಿ ರಾತ್ರಿ ಹೊಸದಾಗಿ ಕಟ್ಟುತ್ತಾರೆ. ಬಿಗಿ ಕಡಿಮೆಯಾದರೆ ಕುಣಿಯುವಾಗ ಜಾರುತ್ತದೆ, ಜಾಸ್ತಿಯಾದರೆ ಬೆಳಗಿನವರೆಗೆ ತಲೆ ಸಿಡಿಯುತ್ತದೆ. ಕಟ್ಟುವವರ ಬೆರಳುಗಳಿಗೆ ಆ ಹದ ಗೊತ್ತು. ಇದನ್ನು ನೋಡಿದ ಮೇಲೆ ರಂಗಸ್ಥಳಕ್ಕೆ ಬರುವ ವೇಷದ ಬಗ್ಗೆ ನಿಮಗೆ ಹುಟ್ಟುವ ಗೌರವವೇ ಬೇರೆ.

ಫ್ಲಾಷ್ ಹಾಕಬೇಡಿ. ಇಡೀ ಆಟವನ್ನು ಮೊಬೈಲ್ ಎತ್ತಿ ಹಿಡಿದು ರೆಕಾರ್ಡ್ ಮಾಡಬೇಡಿ, ಹಿಂದಿನವರಿಗೆ ನಿಮ್ಮ ಕೈ ಮಾತ್ರ ಕಾಣುತ್ತದೆ. ಹನ್ನೆರಡರ ಹೊತ್ತಿಗೆ ಒಂದು ನಿದ್ದೆ ಬರುತ್ತದೆ. ಅದಕ್ಕೆ ಮದ್ದು ಡೇರೆಯ ಹೊರಗಿದೆ: ಬಿಸಿ ಚಹಾ, ಮಿರ್ಚಿ ಭಜೆ, ಮಂಡಕ್ಕಿ, ಹುರಿದ ಶೇಂಗಾ. ಒಂದು ಪದ್ಯ ತಪ್ಪಿದರೂ ಪರವಾಗಿಲ್ಲ, ಚಂಡೆ ಜೋರಾದ ಕೂಡಲೇ ಒಳಗೆ ಓಡಿ. ಡಿಸೆಂಬರ್, ಜನವರಿಯಲ್ಲಿ ಮೂರು ಗಂಟೆಯ ಮೇಲೆ ಒಳ್ಳೇ ಚಳಿ ಇರುತ್ತದೆ, ಶಾಲು, ಮಕ್ಕಳಿಗೆ ಕಂಬಳಿ ಬೇಕೇ ಬೇಕು. ಮಕ್ಕಳು ಮಲಗಿದರೆ ಮಲಗಲಿ. ಈ ಸೀಮೆಯ ಮಕ್ಕಳೆಲ್ಲ ಹೀಗೇ ಮಲಗುತ್ತಾ, ಬಣ್ಣದ ವೇಷದ ಅಬ್ಬರಕ್ಕೆ ಎಚ್ಚರಾಗುತ್ತಾ ಆಟ ಕಲಿತವರು. ಸಾಧ್ಯವಾದರೆ ಮಂಗಳ ಹಾಡುವವರೆಗೆ ಇರಿ.

ತಾಳಮದ್ದಲೆಗೆ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಎದುರುಬದುರು ಕೂತ ಅರ್ಥಧಾರಿಗಳ ಮಾತೇ ಎಲ್ಲ. ಕನ್ನಡ ಮಾತಿನ ರುಚಿ ಇರುವವರಿಗೆ ಇದಕ್ಕಿಂತ ಒಳ್ಳೆ ಸಂಜೆ ಸಿಗುವುದು ಕಷ್ಟ. ಕಥೆ ಮಾತ್ರ ಮೊದಲೇ ಓದಿಕೊಂಡು ಹೋಗಿ.

ಬೇಡರ ವೇಷ: ಹಗ್ಗದ ಮೇಲೆ ಕಣ್ಣಿಡಿ

ಹೋಳಿಯ ಈ ರಾತ್ರಿಗಳು ಶಿರಸಿ ಪೇಟೆಯದ್ದೇ. ಜನ ಹೇಳುವ ಕಥೆ ಹೀಗಿದೆ. ಸೋಂದೆಯ ಅರಸರ ಕಾಲದಲ್ಲಿ ಊರು ಕಾಯಲು ಮಲ್ಲೇಶಿ ಅನ್ನುವ ಬೇಡನನ್ನು ನೇಮಿಸಿದರು. ಕಾಯುವವನೇ ಊರಿಗೆ ಕಂಟಕವಾದ, ಹೆಣ್ಣುಮಕ್ಕಳು ಹೊರಗೆ ಬರದ ಹಾಗಾಯಿತು. ದಾಸಪ್ಪ ಶೆಟ್ಟಿಯ ಮಗಳು ರುದ್ರಾಂಬಿಕೆ ಊರು ಉಳಿಸಲು ಅವನನ್ನೇ ಮದುವೆಯಾಗಿ, ಹೋಳಿಯಲ್ಲಿ ಅವನು ಕುಣಿಯುವಾಗ ಕಣ್ಣು ಕೆಡಿಸಿದಳು. ರೊಚ್ಚಿಗೆದ್ದು ಅವಳನ್ನು ಕೊಲ್ಲಲು ಹೊರಟವನನ್ನು ಜನ ಹಿಡಿದು ಸುಟ್ಟರು, ಅವಳೂ ಬೆಂಕಿಗೆ ಹಾರಿದಳು. ಒಬ್ಬೊಬ್ಬರ ಬಾಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದೆ. ಕುಣಿತ ನೋಡುವ ಮೊದಲು ಈ ಕಥೆ ಗೊತ್ತಿರಲಿ, ಇಲ್ಲದಿದ್ದರೆ ಬರೀ ಗದ್ದಲ ಅನ್ನಿಸಬಹುದು.

ವೇಷದ ಬೆನ್ನಿಗೆ ದೊಡ್ಡ ನವಿಲುಗರಿಯ ಚಕ್ರ, ಕೆಂಪು ಬಟ್ಟೆ, ಹತ್ತಿ, ದಪ್ಪ ಮೀಸೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ, ಗುರಾಣಿ. ಹಿಂದೆ ಇಬ್ಬರು ಅವನಿಗೆ ಕಟ್ಟಿದ ಹಗ್ಗ ಹಿಡಿದಿರುತ್ತಾರೆ. ತಮಟೆ ಬಡಿತ ಏರಿದಂತೆ ಬೇಡ ಜನರ ಮೇಲೆ ನುಗ್ಗುತ್ತಾನೆ, ಹಗ್ಗದವರು ಜಗ್ಗಿ ನಿಲ್ಲಿಸುತ್ತಾರೆ. ಎಲ್ಲರೂ ಬೇಡನನ್ನು ನೋಡುವಾಗ ನೀವು ಒಮ್ಮೆ ಹಗ್ಗ ಹಿಡಿದವರ ಕಾಲು ನೋಡಿ. ತಮಟೆಯ ಲೆಕ್ಕಕ್ಕೇ ಅವರೂ ಹೆಜ್ಜೆ ಹಾಕುತ್ತಿರುತ್ತಾರೆ, ಎಷ್ಟು ಬಿಡಬೇಕು, ಯಾವ ಪೆಟ್ಟಿಗೆ ಜಗ್ಗಬೇಕು ಅನ್ನೋದು ಅವರ ಕೈಯಲ್ಲಿ.

ಒಂದೊಂದು ಗಲ್ಲಿಯಿಂದ ಒಂದೊಂದು ತಂಡ ಹೊರಡುತ್ತದೆ. ಒಂದೇ ಕಡೆ ಕಾಯುವುದಕ್ಕಿಂತ ತಮಟೆ ಸದ್ದು ಬರುವ ಕಡೆ ನಡೆಯಿರಿ. ನಾಲ್ಕು ರಸ್ತೆ ಕೂಡುವ ಜಾಗದಲ್ಲಿ ನಿಂತರೆ ಎರಡು ಮೂರು ತಂಡ ನೋಡಲು ಸಿಗುತ್ತವೆ. ಮುಂದೆ ಕಟ್ಟೆ, ಹಿಂದೆ ಗೋಡೆ ಇರುವಂಥ ಜಾಗ ಹುಡುಕಿ. ಕತ್ತಿ ಬೀಸುವ ಅಳತೆಯೊಳಗೆ ಮಕ್ಕಳನ್ನು ನಿಲ್ಲಿಸಬೇಡಿ, ಕೆಣಕಲು ಹೋಗಬೇಡಿ. ಕಾಲಿಗೆ ಚಪ್ಪಲಿಗಿಂತ ಶೂ ವಾಸಿ. ಗುಂಪು ದಟ್ಟವಾಗಿರುತ್ತದೆ, ಹೆಣ್ಣುಮಕ್ಕಳು ಮನೆಯವರ ಜತೆಗೋ ಗೆಳತಿಯರ ಜತೆಗೋ ಬಂದರೆ ಆರಾಮ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ತಂಡದವರು ಕಾಣಿಕೆ ಕೇಳಿದರೆ ಧಾರಾಳವಾಗಿ ಕೊಡಿ. ಅಷ್ಟು ಭಾರ ಹೊತ್ತು ಬೆಳಗಿನವರೆಗೆ ಬೀದಿ ಬೀದಿ ಕುಣಿಯುವುದು ಸಣ್ಣ ಮಾತಲ್ಲ.

ಜಾತ್ರೆಗೆ ಬಂದರೆ

ಮಂಗಳವಾರ ಸಂಜೆಯೊಳಗೆ ಶಿರಸಿ ಸೇರಿ. ಅಂದು ರಾತ್ರಿ ದೇವಿಯ ಕಲ್ಯಾಣ, ಬುಧವಾರ ಬೆಳಿಗ್ಗೆ ರಥ ಬಿಡ್ಕಿಬೈಲಿನ ಗದ್ದುಗೆಗೆ ಹೊರಡುತ್ತದೆ. ಬುಧವಾರ ಬಂದು ರಥ ನೋಡುತ್ತೇನೆ ಅಂದರೆ ಊರ ಹೊರಗೇ ಸಿಕ್ಕಿಬೀಳುತ್ತೀರಿ. ಹಿಂದೆ ಈ ಜಾತ್ರೆಯಲ್ಲಿ ಕೋಣನ ಬಲಿ ಇತ್ತು. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದಿದ್ದರು, ಆ ದಶಕದಲ್ಲೇ ಬಲಿ ನಿಂತಿತು.

ಆಟ, ನಾಟಕ ಬೇಕು ಅನ್ನುವವರು ಗುರುವಾರದ ನಂತರದ ದಿನ ಆರಿಸಿ. ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕಿರುತ್ತವೆ, ಯಕ್ಷಗಾನ ಇರುತ್ತದೆ, ತೊಟ್ಟಿಲು ತಿರುಗುತ್ತಿರುತ್ತದೆ, ಬಳೆ ಅಂಗಡಿ, ಮಿಠಾಯಿ ಅಂಗಡಿ ಸಾಲಿಗೆ ಲೆಕ್ಕವೇ ಇಲ್ಲ. ಊರು ಮಲಗುವುದೇ ಇಲ್ಲ. ಕಂಪನಿ ನಾಟಕದ ತಡರಾತ್ರಿಯ ಪ್ರದರ್ಶನ ಆರಿಸಿಕೊಳ್ಳಿ, ಆ ಹೊತ್ತಿನ ಜನ ನಾಟಕಕ್ಕೆ ಅಂತಲೇ ಬಂದವರು, ಹಾಸ್ಯಕ್ಕೆ ಏಳುವ ನಗುವೇ ಬೇರೆ. ಸ್ವಂತ ಗಾಡಿ ತರಬೇಡಿ, ಸಾರಿಗೆಯವರು ಹೆಚ್ಚಿನ ಬಸ್ ಬಿಡುತ್ತಾರೆ. ಪರ್ಸು, ಮೊಬೈಲ್ ಮುಂದಿನ ಜೇಬಿನಲ್ಲಿರಲಿ.

ರೂಮು, ವಾಪಸ್ ದಾರಿ

ಜಾತ್ರೆ, ಬೇಡರ ವೇಷದ ದಿನಗಳಿಗೆ ರೂಮು ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ. ಉಳಿದ ದಿನ ಬಸ್ ನಿಲ್ದಾಣದ ಸುತ್ತಮುತ್ತ ಲಾಡ್ಜು ಸಿಗುತ್ತದೆ. ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತಾರೆ ಅಂತ ಚಾವಿ ತೆಗೆದುಕೊಳ್ಳುವಾಗಲೇ ಕೇಳಿ, ಆಟಕ್ಕೆ ಹೋಗುತ್ತೇವೆ ಅಂತ ಹೇಳಿ. ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿ ಸುಮಾರು 100 ಕಿ.ಮೀ., ಕುಮಟಾ 60 ಕಿ.ಮೀ., ತಾಳಗುಪ್ಪ, ಹಾವೇರಿಯಲ್ಲೂ ಇಳಿದು ಬಸ್ ಹಿಡಿಯಬಹುದು. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವವರು ಮಳೆಗಾಲದಲ್ಲಿ ರಸ್ತೆ ತೆರೆದಿದೆಯಾ ಅಂತ ಹೊರಡುವ ದಿನ ವಿಚಾರಿಸಿ. ರಾತ್ರಿಯೆಲ್ಲ ಆಟ ನೋಡಿ ಬೆಳಿಗ್ಗೆ ಘಟ್ಟದಲ್ಲಿ ಕಾರು ಓಡಿಸಬೇಡಿ. ಹತ್ತರವರೆಗೆ ಮಲಗಿ, ಕಷಾಯ ಕುಡಿದು ಹೊರಡಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಘಟ್ಟ ಇಳಿದು ಹೊನ್ನಾವರ ತಾಲ್ಲೂಕಿನ ಗುಣವಂತೆಗೆ ಹೋಗಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ ಅದು. ಮೇಳದ್ದೇ ಕಲಿಕಾ ಕೇಂದ್ರ, ರಂಗಮಂದಿರ ಇದೆ, ವರ್ಷಕ್ಕೊಮ್ಮೆ ನಾಟ್ಯೋತ್ಸವ ಆಗುತ್ತದೆ, ಯಕ್ಷಗಾನದ ಜತೆಗೆ ಬೇರೆ ರಾಜ್ಯಗಳ ಕಲಾವಿದರೂ ಬರುತ್ತಾರೆ. ಉತ್ಸವದ ದಿನ ಯಾವುದು ಅಂತ ಫೋನ್ ಮಾಡಿ ತಿಳಿದುಕೊಂಡು, ನಿಮ್ಮ ಶಿರಸಿ ರಾತ್ರಿಯನ್ನು ಅದರ ಹಿಂದುಮುಂದು ಇಟ್ಟುಕೊಳ್ಳಿ.